ಏಳು ಕುಡಿಕೆಯ ಸಾವಕ್ಕ

ಗಜೇಂದ್ರಗಡದ ನೇಕಾರರ ಓಣಿಗೆ ಹೋಗಿ ಸಾವಕ್ಕನ ಮನೆ ಎಲ್ಲಿ ಎಂದರೆ, ಯಾವ ಸಾವಕ್ಕ ಎಂದು ತಿರುಗಿ ಕೇಳುತ್ತಿದ್ದರು. ಕುಡಿಕೆ ಸಾವಕ್ಕ ಎಂದರೆ ಮಾತ್ರ ಸಣ್ಣ ಮಕ್ಕಳೂ ಕೈಮಾಡಿ ತೋರಿಸುತ್ತಿದ್ದವು. ಈ ಅಡ್ಡಹೆಸರು ಇಟ್ಟವಳು ಹೊರಗಿನವಳಲ್ಲ, ಅವಳ ಅತ್ತೆ ಗಾಳೆವ್ವ. ಗಾಳೆವ್ವನ ಬಾಯಿ ಅಂಥದ್ದು. ಒಂದು ಸಲ ಅವಳು ಹೆಸರಿಟ್ಟಳೆಂದರೆ ಹೆತ್ತವರು ತೊಟ್ಟಿಲಲ್ಲಿ ಇಟ್ಟದ್ದು ಮೂಲೆ ಸೇರಬೇಕು.

ಮನೆಯೆಂದರೆ ಎರಡು ಅಂಕಣ. ಮುಂದಿನ ಅಂಕಣದಲ್ಲಿ ಕುಣಿಮಗ್ಗ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ. ಸಾವಕ್ಕನ ಗಂಡ ಮುದಿಯಪ್ಪ ಬೆಳಕು ಹರಿಯುವ ಹೊತ್ತಿಗೆ ಅದರೊಳಗೆ ಇಳಿದನೆಂದರೆ ಸೊಂಟದ ಮೇಲಿನ ಮುದಿಯಪ್ಪ ಮಾತ್ರ ಮನೆಯವರಿಗೆ ಕಾಣುತ್ತಿದ್ದ. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. "ನನ್ನ ಗಂಡನ ಕಾಲು ನಾ ನೋಡೂದು ಅಮಾಸಿಗೊಮ್ಮಿ" ಎಂದು ಸಾವಕ್ಕ ನೆರೆಯವರೆದುರು ನಗುತ್ತಿದ್ದಳು. ಸೀರೆಯ ದಡಿ ನೇಯುವುದರಲ್ಲಿ ಅವನನ್ನು ಸರಿಗಟ್ಟುವವರು ಓಣಿಯಲ್ಲಿ ಇರಲಿಲ್ಲ. ಆದರೆ ಮನುಷ್ಯ ಮೆತ್ತಗೆ. ಯಾರು ಏನು ಕೊಟ್ಟರೂ ಬೇಡ ಎನ್ನಲು ಅವನಿಗೆ ನಾಲಿಗೆ ಏಳುತ್ತಿರಲಿಲ್ಲ.

ನೂಲು ಕೊಡುವವನು ಗುರುಸಂಗಪ್ಪ ಸಾವ್ಕಾರ. ನೂಲು ಅವನದು, ನೇಯ್ದ ಸೀರೆಯೂ ಅವನದು, ನಡುವೆ ಬಾಗಿದ ಬೆನ್ನು ಮಾತ್ರ ಮುದಿಯಪ್ಪನದು. ಒಂದು ಸೀರೆಗೆ ಮೂರು ರೂಪಾಯಿ ಮಜೂರಿ. ವಾರಕ್ಕೆ ಮೂರು ಸೀರೆ ಇಳಿದರೆ ಒಂಬತ್ತು ರೂಪಾಯಿ, ಎರಡೇ ಇಳಿದರೆ ಆರು. ಮುದಿಯಪ್ಪನ ಅಪ್ಪನ ಕಾಲದ ನೂರಾ ಇಪ್ಪತ್ತು ರೂಪಾಯಿ ಬಾಕಿ ಸಾವ್ಕಾರನ ಲೆಕ್ಕದ ವಹಿಯಲ್ಲಿ ಕಾಲು ಚಾಚಿ ಕೂತಿತ್ತು. ಬಾಕಿ ಇರುವ ನೇಕಾರ ಬೇರೆಯವರ ನೂಲು ಮುಟ್ಟುವಂತಿಲ್ಲ. ಅದು ಸಾಲದೆಂದು ವರ್ಷಕ್ಕೊಮ್ಮೆ ಇನ್ನೊಂದು ಗಂಟು. ದೀಪಾವಳಿ ಪಾಡ್ಯದ ದಿನ ಸಾವ್ಕಾರ ಹೊಸ ವಹಿಗೆ ಪೂಜೆ ಮಾಡಿ, ತನ್ನ ನೇಕಾರರನ್ನು ಒಬ್ಬೊಬ್ಬರನ್ನಾಗಿ ಕರೆದು ವೀಳ್ಯ ಕೊಡುತ್ತಿದ್ದ. ವೀಳ್ಯದ ಜೊತೆ ಹಬ್ಬದ ಖರ್ಚಿಗೆಂದು, ವರ್ಷದೊಳಗೆ ತೀರಿಸಬೇಕಾದ ಸಣ್ಣ ಮುಂಗಡ. ವೀಳ್ಯ ಹಿಡಿದವನು ಮುಂದಿನ ಪಾಡ್ಯದವರೆಗೆ ಅವನ ನೇಕಾರ. ಕಾಗದವಿಲ್ಲ, ಸಹಿಯಿಲ್ಲ. ಆದರೂ ಹಿಡಿದ ವೀಳ್ಯಕ್ಕೆ ತಪ್ಪಿದವನಿಗೆ ಆ ಊರಿನಲ್ಲಿ ಯಾರೂ ಒಂದು ಲಡಿ ನೂಲು ಕೊಡುತ್ತಿರಲಿಲ್ಲ.

ಸಾವ್ಕಾರನನ್ನು ರಾಕ್ಷಸ ಮಾಡಿ ಹೇಳಿದರೆ ಕಥೆ ಸಲೀಸಾಗಿ ಓಡುತ್ತದೆ. ಆದರೆ ಅವನು ಅಂಥವನಲ್ಲ. ದನಿ ಏರಿಸುವವನಲ್ಲ, ಮಜೂರಿ ಮುರಿಯುವವನಲ್ಲ, ಎದುರು ಬಂದ ನೇಕಾರನ ಮಕ್ಕಳ ತಲೆ ಸವರದೆ ಮುಂದೆ ಹೋಗುವವನಲ್ಲ. ಬೈಯುವವನಾಗಿದ್ದರೆ ಎಷ್ಟೋ ಚಲೋ ಇತ್ತು. ಒಂದು ದಿನ ಮೈಮೇಲೆ ಬಿದ್ದು ಜಗಳವಾಡಿಯಾದರೂ ಹೊರಗೆ ಬರಬಹುದಿತ್ತು.

ಸಾವಕ್ಕನ ತವರು ನರಗುಂದದ ಆಚೆ ಶಿರೋಳ. ಐವತ್ನಾಲ್ಕನೇ ಇಸವಿ ಶುರುವಾದ ಚಳಿಗಾಲದಲ್ಲಿ ಅಲ್ಲಿಂದ ಬಂದವರೊಬ್ಬರು ಬಾಗಿಲಲ್ಲೇ ನಿಂತು ಹೇಳಿದರು. "ನಿಮ್ಮವ್ವ ಹಾಸಿಗಿ ಹಿಡದಾಳ. ಸಾವಕ್ಕನ್ನ ಕರಕೊಂಡ ಬರ್ರಿ ಅನ್ನೂದೊಂದ ಜಪ." ಮಗ್ಗದ ಮೇಲೆ ಸೀರೆ ಅರ್ಧಕ್ಕಿತ್ತು. ಸಾವಕ್ಕ ಹೋದರೆ ರಾಟಿ ತಿರುಗಿಸಿ ಕಂಡಿಕೆಗೆ ನೂಲು ಸುತ್ತಿಕೊಡುವವರಿಲ್ಲ; ಗಾಳೆವ್ವನ ರಟ್ಟೆ ಸೋತಿತ್ತು, ಮಗಳು ಇನ್ನೂ ಸಣ್ಣವಳು. ಕಂಡಿಕೆಯಿಲ್ಲದೆ ಲಾಳಿ ಓಡುವುದಿಲ್ಲ. ಮೋಟಾರಿನ ಚಾರ್ಜಿಗೂ ರೊಕ್ಕವಿಲ್ಲ. ಮುದಿಯಪ್ಪ ಸಾವ್ಕಾರನ ಬಳಿ ಹೋಗಿ ಮೂರು ರೂಪಾಯಿ ಕೇಳಿದ. ಸಾವ್ಕಾರ ಮುಖ ಸಣ್ಣದು ಮಾಡಿಕೊಂಡು, "ಹೋಗಬೇಕಪಾ, ತಾಯಿ ಅಂದ್ರ ಸಣ್ಣ ಮಾತಲ್ಲ. ಆದ್ರ ಆ ಸೀರಿ ಲಗ್ನದ ಮನೀದು ಐತಿ. ಅದೊಂದು ಇಳಿಸಿ ಹೋಗ್ರಿ, ಮಜೂರೀನೂ ಕೈಯಾಗ ಇರತೈತಿ" ಎಂದ. ಬಾಕಿ ಇದ್ದವರು ಇನ್ನೇನು ಹೇಳಬೇಕು?

ಸಾವಕ್ಕ ಮೂರು ದಿನ ಕಂಡಿಕೆ ಸುತ್ತಿದಳು. ಮೂರನೆಯ ದಿನ ಸೀರೆ ಇಳಿಯಿತು. ನಾಲ್ಕನೆಯ ದಿನ ರೋಣದಲ್ಲಿ ಮೋಟಾರು ಬದಲಿಸಿ, ನರಗುಂದದಲ್ಲಿ ಇಳಿದು, ಸಿಕ್ಕ ಬಂಡಿ ಹತ್ತಿ ಶಿರೋಳ ಮುಟ್ಟಿದಾಗ ಅವ್ವನನ್ನು ಮಣ್ಣು ಮಾಡಿ ಬಂದ ಮಂದಿ ಅಂಗಳದಲ್ಲಿ ಕಾಲು ತೊಳೆಯುತ್ತಿದ್ದರು.

ಅವಳು ಅತ್ತದ್ದನ್ನು ಹೇಳುವುದು ಬೇಡ. ಎಲ್ಲರೂ ಅಳುತ್ತಾರೆ. ಅಳು ನಿಂತ ಮೇಲೆ ಅವಳ ಎದೆಯಲ್ಲಿ ಉಳಿದದ್ದು ಒಂದೇ ಲೆಕ್ಕ: ನೂರಾ ಇಪ್ಪತ್ತು ರೂಪಾಯಿ. ಅಷ್ಟು ಇದ್ದಿದ್ದರೆ ಅವ್ವನ ಬಾಯಿಗೆ ನೀರು ಬಿಡುತ್ತಿದ್ದಳು.

ಸೂತಕ ಕಳೆದು ಸಾವಕ್ಕ ಊರಿಗೆ ಮರಳಿದ ಮೇಲೆ ಬಳೆ ಇಡಲು ಮಾಬೂಬಿ ಬಂದಳು. ಗಂಡ ಸತ್ತ ಮೇಲೆ ಬಳೆಯ ಬುಟ್ಟಿ ಹೊತ್ತು, ಊರೂರು ತಿರುಗಿ, ಮೂರು ಮಕ್ಕಳನ್ನು ಸಾಕಿದ ಹೆಂಗಸು. ಚಿಲ್ಲರೆ ಕೊಡುವಾಗ ಅವಳು ಸೊಂಟದಿಂದ ಬಟ್ಟೆಯ ಪಟ್ಟಿಯೊಂದನ್ನು ಬಿಚ್ಚಿದಳು. ಅದರಲ್ಲಿ ಮೂರು ಗಂಟು.

"ಇಷ್ಟ್ಯಾಕ ಗಂಟು ಮಾಬೂಬಿ? ಒಂದ್ರಾಗ ಹಾಕಿದ್ರ ಆಗಂಗಿಲ್ಲೇನು?" ಎಂದಳು ಸಾವಕ್ಕ.

"ಒಂದ್ರಾಗ ಹಾಕಿದ್ರ ಹೊಟ್ಟಿ ಎಲ್ಲಾನೂ ತಿಂತೈತಿ ಅವ್ವಾ! ಇದು ಬಳಿ ತರೂ ರೊಕ್ಕ. ಇದು ಹೊಟ್ಟೀದು. ಇದು ನಂದು."

"ನಂದು ಅಂದ್ರ?"

"ನಂದಂದ್ರ ನಂದು. ಬುಟ್ಟಿ ಇಳಿಸಿ ಮನಿಯೊಳಗ ಕಾಲಿಟ್ಟ ಕೂಡ್ಲೆ ಮೊದ್ಲ ಇದನ್ನ ಕಟ್ಟತೀನಿ. ಒಂದಾಣೆ ಆಗ್ಲಿ, ಎರಡಾಣೆ ಆಗ್ಲಿ. ಉಂಡ ಮ್ಯಾಲೆ ಉಳದದ್ದು ಕಟ್ಟತೀನಿ ಅಂದ್ರ, ನಿನ್ನಾಣಿ, ಇಷ್ಟ ವರ್ಷಕ್ಕ ಒಂದ ದಿನಾನೂ ಉಳದಿಲ್ಲ ನೋಡು."

ಅಷ್ಟೇ ಮಾತು. ಮಾಬೂಬಿ ಬುಟ್ಟಿ ಹೊತ್ತು ಹೋದಳು. ಸಾವಕ್ಕ ಮರುಸಂತೆಗೆ ಕುಂಬಾರರ ಸಾಲಿನಲ್ಲಿ ಚೌಕಾಸಿ ಮಾಡಿ ಏಳು ಸಣ್ಣ ಮಣ್ಣಿನ ಕುಡಿಕೆ ತಂದು, ಅಡುಗೆಯ ಅಂಕಣದ ಗೋಡೆಗೂಡಿನಲ್ಲಿ ಸಾಲಾಗಿ ಇಟ್ಟಳು. ಓದು ಬಾರದವಳು. ಗುರುತಿಗೆ ಜೋಳದ ಕುಡಿಕೆಗೆ ಸುಣ್ಣದಲ್ಲಿ ನಾಲ್ಕು ಕಾಳು ಮೆತ್ತಿದಳು. ಎಣ್ಣೆ ಉಪ್ಪಿನದಕ್ಕೆ ಮಸಿಯ ಬೊಟ್ಟು, ಮಗ್ಗದ ರಿಪೇರಿಯದಕ್ಕೆ ನೂಲು ಸುತ್ತಿದಳು. ಹಬ್ಬ ಮತ್ತು ಬಟ್ಟೆಯದಕ್ಕೆ ಅರಿಶಿನ, ಬೀಗರು ಬಿಜ್ಜರು ಬಂದು ಹೋಗುವುದಕ್ಕೆ ಅಡಿಕೆ ಚೂರು, ಜಡ್ಡು ಜಾಪತ್ತಿನದಕ್ಕೆ ಬೇವಿನ ಕಡ್ಡಿ. ಏಳನೆಯದಕ್ಕೆ ಏನೂ ಗುರುತು ಹಾಕಲಿಲ್ಲ. ಅದು ಅವಳದು. ಸಾವ್ಕಾರನ ಮನೆಯಿಂದ ಮಜೂರಿ ಬಂದ ದಿನ ಒಲೆಗೆ ಕಡ್ಡಿ ಕೊರೆಯುವ ಮುಂಚೆ ಹನ್ನೆರಡಾಣೆ ಅದರೊಳಗೆ ಬೀಳಬೇಕು. ಉಳಿದ ರೊಕ್ಕದಲ್ಲಿ ಉಳಿದ ಆರು ಕುಡಿಕೆ ಬಡಿದಾಡಿಕೊಳ್ಳಲಿ.

ಗಾಳೆವ್ವ ಬಾಗಿಲಿಗೆ ಒರಗಿ ಇದನ್ನೆಲ್ಲ ನೋಡಿ, ಮೂಗಿಗೆ ನಶ್ಯ ಏರಿಸಿ, "ಏನವಾ ಕುಡಿಕಿ ಸಾವಕ್ಕ, ಮನಿಗೊಂದು ಮಜೂರಿ, ಅದಕ್ಕ ಏಳು ಮಂದಿ ಹೆಂಡ್ರ ಮಾಡಿದೆಲ್ಲ!" ಎಂದಳು. ಸಂಜೆಯೊಳಗೆ ಹೆಸರು ಓಣಿಯ ಆ ತುದಿ ಮುಟ್ಟಿತ್ತು.

ಮೊದಲ ಆರು ತಿಂಗಳು ಅವಳಿಗೆ ಅವಳೇ ಸಾವ್ಕಾರಳಾದಳು. ಜೋಳದ ಕುಡಿಕೆ ಖಾಲಿಯಾದರೆ ಆ ವಾರ ರೊಟ್ಟಿ ಕಡಿಮೆ, ನುಚ್ಚಿನ ಅಂಬಲಿ ಹೆಚ್ಚು. ಎಣ್ಣೆಯ ಕುಡಿಕೆ ಬರಿದಾದರೆ ಹೊತ್ತು ಮುಳುಗುವ ಮುಂಚೆ ಊಟ. ನಾಟಕದ ಕಂಪನಿ ಬಂದು ಡೇರೆ ಹಾಕಿದಾಗ ಮುದಿಯಪ್ಪ ಎರಡು ದಿನ ಗೂಡಿನ ಸುತ್ತ ಸುಳಿದಾಡಿದ.

"ನಾಲ್ಕಾಣೆ ಕೊಡs, ನೆಲದ ಮ್ಯಾಲೆ ಕೂತು ನೋಡತೀನಿ."

"ನಾಟಕಕ್ಕ ಕುಡಿಕಿ ಇಲ್ರಿ."

"ಏಳನೇದ್ರಾಗ ಐತೆಲ್ಲ."

"ಅದು ನಿಮ್ಮ ಕಾಲು ರೀ" ಎಂದಳು ಸಾವಕ್ಕ. "ನಿಮ್ಮ ಕಾಲು ಆ ಕುಣಿಯಿಂದ ಬಿಡಿಸಿ ತರೂ ರೊಕ್ಕ ಅದು. ಅದರಾಗಿಂದ ನಾಲ್ಕಾಣೆ ತಗದ್ರ ಒಂದು ಬೆರಳು ಅಲ್ಲೇ ಉಳೀತೈತಿ."

ಮುದಿಯಪ್ಪ ಡೇರೆಯ ಹೊರಗೆ ನಿಂತು ಹಾಡು ಕೇಳಿ ಬಂದ. ಮನೆಗೆ ಬಂದು ಆ ಹಾಡನ್ನೇ ಒಂದು ವಾರ ಮಗ್ಗದಲ್ಲಿ ಗುನುಗಿದ, ಪಾಪ. ಸಾವಕ್ಕ ಅದನ್ನು ಕೇಳಿಸಿಕೊಂಡೇ ಕಂಡಿಕೆ ಸುತ್ತಿದಳು. ನಾಲ್ಕಾಣೆ ಮಾತ್ರ ಕೊಡಲಿಲ್ಲ. ಮಗಳಿಗೆ ಜಾತ್ರೆಯಲ್ಲಿ ಬೆಂಡು ಬತ್ತಾಸು ಕೊಡಿಸಲಿಲ್ಲ. ತನ್ನ ಕುಪ್ಪಸಕ್ಕೆ ಮೂರನೆಯ ತೇಪೆ ಹಾಕಿದಳು. ಮೊದಲು ಬರೀ ಸಾವ್ಕಾರನೊಬ್ಬ ಕಟ್ಟಿಹಾಕಿದ್ದ, ಈಗ ಗೂಡಿನೊಳಗಿನ ಏಳು ಬಾಯಿಗಳೂ ಕಟ್ಟಿಹಾಕಿದವು ಎಂದು ಅವಳಿಗೇ ಒಮ್ಮೊಮ್ಮೆ ಅನ್ನಿಸುತ್ತಿತ್ತು. ಮೂರೂವರೆ ವರ್ಷ ಎಂಬುದು ಹೇಳಲಿಕ್ಕೆ ಸುಲಭ. ವಾರ ವಾರ ಹನ್ನೆರಡಾಣೆಯಾಗಿ ಅದನ್ನು ದಾಟಿದವರಿಗೆ ಗೊತ್ತು.

ಒಂದು ಮಳೆಗಾಲ ಮಗಳಿಗೆ ಜ್ವರ ಬಂದು ಹನ್ನೊಂದು ದಿನ ಬಿಡಲಿಲ್ಲ. ರೋಣದ ದವಾಖಾನೆಗೆ ಒಯ್ಯಬೇಕಾಯಿತು. ಬೇವಿನ ಕಡ್ಡಿಯ ಕುಡಿಕೆಯಲ್ಲಿ ಇದ್ದದ್ದು ಎರಡು ರೂಪಾಯಿ. ಬೇಕಾದದ್ದು ಒಂಬತ್ತು. ಸಾವಕ್ಕ ಏಳನೆಯ ಕುಡಿಕೆಗೆ ಕೈಹಾಕಿ ಏಳು ರೂಪಾಯಿ ತೆಗೆದಳು, ತೆಗೆದ ಜಾಗಕ್ಕೆ ಏಳು ಹರಳು ಹಾಕಿದಳು. ಮಗಳು ಎದ್ದು ಓಡಾಡುವಂತಾದ ಮೇಲೆ ನೆರೆಮನೆಗಳ ಹಾಸಿನ ನೂಲಿಗೆ ಗಂಜಿ ಹಚ್ಚುವ ಕೂಲಿಗೆ ಹೋಗಿ, ರೂಪಾಯಿ ಸೇರಿದಂತೆ ಒಂದೊಂದೇ ಹರಳು ತೆಗೆದು ಅಂಗಳಕ್ಕೆ ಎಸೆದಳು. ಕೊನೆಯ ಹರಳು ಎಸೆದ ದಿನ ಅವಳ ಅಂಗೈ ಗಂಜಿಯ ಬಿಸಿಗೆ ಬೊಬ್ಬೆ ಎದ್ದಿತ್ತು.

ಅಷ್ಟರಲ್ಲಿ ಮುಂಬಯಿ ಸರ್ಕಾರ ಹೋಗಿ ಮೈಸೂರು ರಾಜ್ಯವಾಯಿತು. ಮರುವರ್ಷ ಆಣೆ ಹೋಗಿ ನಯಾಪೈಸೆ ಬಂತು. ಓಣಿಯ ಮಂದಿಗೆಲ್ಲ ತಲೆ ಕೆಟ್ಟಿತು. ಒಂದಾಣೆಗೆ ಆರು ಪೈಸೆಯೋ ಏಳೋ ಎಂದು ಅಂಗಡಿಯವರ ಜೊತೆ ದಿನಾ ಕಿತ್ತಾಟ. ಸಾವಕ್ಕನಿಗೆ ಮಾತ್ರ ತೊಂದರೆಯಾಗಲಿಲ್ಲ. ಹನ್ನೆರಡಾಣೆಗೆ ಎಪ್ಪತ್ತೈದು ಪೈಸೆ ಎಂದು ಮಾಬೂಬಿ ಒಮ್ಮೆ ಹೇಳಿಕೊಟ್ಟಳು, ಅಷ್ಟು ಸಾಕಾಯಿತು. ಇನ್ನೊಂದು ಸಂಗತಿಯೂ ಕಿವಿಗೆ ಬಿತ್ತು. ಊರಿನಲ್ಲಿ ನೇಕಾರರೇ ಸೇರಿ ಒಂದು ಸಂಘ ಮಾಡಿದ್ದಾರೆ, ಹತ್ತು ರೂಪಾಯಿ ಷೇರು ಕಟ್ಟಿದವರಿಗೆ ಸಂಘವೇ ನೂಲು ಕೊಡುತ್ತದೆ, ಸೀರೆಗೆ ನಾಲ್ಕೂವರೆ ಮಜೂರಿ, ಯಾರಾದರೂ ಸತ್ತರೆ ಕೆಟ್ಟರೆ ಮಗ್ಗ ನಿಲ್ಲಿಸಿ ಹೋಗಬಹುದು. ಕರಾರು ಒಂದೇ. ಬೇರೆ ಯಾವ ಸಾವ್ಕಾರನ ಬಾಕಿಯೂ ಇರಬಾರದು, ವೀಳ್ಯವೂ ಹಿಡಿದಿರಬಾರದು.

ಅಂದಿನಿಂದ ಏಳನೆಯ ಕುಡಿಕೆ ಮುಟ್ಟಬೇಕಾದ ಲೆಕ್ಕ ನೂರಾ ಮೂವತ್ತಾಯಿತು.

ಐವತ್ತೇಳರ ದೀಪಾವಳಿಗೆ ಎರಡು ದಿನ ಇರುವಾಗ ಸಾವಕ್ಕ ಕುಡಿಕೆಯನ್ನು ಮೊರದೊಳಗೆ ಬೋರಲು ಹಾಕಿದಳು. ಹಳೆಯ ಆಣೆ, ಹೊಸ ಪೈಸೆ, ಮಡಚಿದ ನೋಟು. ಅವಳ ಮನಸ್ಸಿನ ಲೆಕ್ಕದಲ್ಲಿ ನೂರಾ ಇಪ್ಪತ್ತಾರು ಇರಬೇಕು. ನಾಲ್ಕು ರೂಪಾಯಿ ಎಲ್ಲಿಂದ ತರುವುದು ಎಂದು ವಾರದಿಂದ ಕಳವಳ. ಎಣಿಸಿದರೆ ನೂರಾ ಮೂವತ್ತೊಂದು. ಮತ್ತೆ ಎಣಿಸಿದಳು. ಅಷ್ಟೇ.

"ಅತ್ತೀ, ಐದು ರೂಪಾಯಿ ಹೆಚ್ಚಾಗೇತ್ರಿ."

"ನಿನಗ ಎಣಿಸಾಕ ಬರಂಗಿಲ್ಲ" ಎಂದಳು ಗಾಳೆವ್ವ, ಮುಖ ಆಚೆ ತಿರುಗಿಸಿ.

ಸಾವಕ್ಕನ ಕಣ್ಣು ಮುದುಕಿಯ ನಶ್ಯದ ಡಬ್ಬಿಯ ಮೇಲೆ ಹೋಯಿತು. ಡಬ್ಬಿ ಮುಚ್ಚಳವಿಲ್ಲದೆ ಬಿದ್ದಿತ್ತು, ಒಳಗೆ ಜೇಡ ಬಲೆ ಕಟ್ಟಿತ್ತು. ಈಚೆಗೆ ಈಕೆ ನಶ್ಯ ಏರಿಸಿದ್ದು ಯಾವಾಗ? ನೆನಪಿಗೇ ಬರಲಿಲ್ಲ. ನಶ್ಯಕ್ಕೆಂದು ಮಗ ಕೊಡುತ್ತಿದ್ದ ಕಾಸನ್ನು ಮುದುಕಿ ವರ್ಷವೆಲ್ಲ ಕದ್ದು ಕುಡಿಕೆಗೆ ಹಾಕಿದ್ದಳು. ಸಾವಕ್ಕ ಏನೋ ಹೇಳಲು ಹೋದಳು. "ಬಾಯಿ ಮುಚ್ಚು, ಲಕ್ಷ್ಮೀ ಎಣಿಸೂ ಮುಂದ ಮಾತಾಡಬಾರದು" ಎಂದು ಗಾಳೆವ್ವ ಗದರಿಸಿದಳು.

ಆ ರಾತ್ರಿಯೆಲ್ಲ ಗಂಡ ಹೆಂಡತಿಯ ಮಾತು ಒಂದೇ. ಮುದಿಯಪ್ಪ ಒಬ್ಬನೇ ಹೋದರೆ ಕೆಲಸ ಕೆಟ್ಟಿತು. ಸಾವ್ಕಾರ ವೀಳ್ಯ ನೀಡುತ್ತಾನೆ, ಇವನು ಕೈ ಚಾಚುತ್ತಾನೆ, ಮುಗಿಯಿತು. ಪ್ರತಿ ಪಾಡ್ಯಕ್ಕೆ ಅವನೊಬ್ಬನೇ ಹೋಗುವುದು ವಾಡಿಕೆ, ನೇಕಾರರ ಹೆಂಗಸರು ಅಲ್ಲಿಗೆ ಕಾಲಿಡುತ್ತಿರಲಿಲ್ಲ. ಈ ಸಲ ತಾನೂ ಹೋಗುವುದೆಂದು ಸಾವಕ್ಕ ಗಟ್ಟಿ ಮಾಡಿದಳು.

"ನೀವು ಕೈ ಹಿಂದ ಕಟ್ಟಕೊಂಡ ನಿಲ್ರಿ. ಏನ ಕೊಟ್ರೂ ಕೈ ಮುಂದ ಬರಬಾರದು. ಮಾತು ನಾ ಆಡ್ತೀನಿ."

"ಕೈ ಕಟ್ಟಕೊಂಡ ನಿಂತ್ರ ಸೊಕ್ಕು ಅನ್ನಂಗಿಲ್ಲೇನು?"

"ಅನ್ಲಿ. ಸೊಕ್ಕಿಗೆ ಬಾಕಿ ಬೀಳಂಗಿಲ್ಲ."

ಪಾಡ್ಯದ ಬೆಳಿಗ್ಗೆ ಸಾವಕ್ಕ ಎಣ್ಣೆ ನೀರು ಹಾಕಿಕೊಂಡು, ಇದ್ದುದರಲ್ಲಿ ಚಲೋ ಸೀರೆ ಉಟ್ಟು, ಹಣೆಗೆ ಕುಂಕುಮ ಇಟ್ಟಳು. ರೊಕ್ಕದ ಗಂಟು ಗಂಡನ ಕೈಗಿತ್ತು ಹೊರಡುವಾಗ ಹಿಂದಿರುಗಿ ನೋಡಿದಳು. ಗಾಳೆವ್ವ ಕಳಿಸಿಕೊಡಲೆಂದು ಬಾಗಿಲ ಕಡೆ ಬರುತ್ತಿದ್ದಳು. ಬೋಳು ಹಣೆ, ಬರಿಗೈ. ಇಪ್ಪತ್ತು ವರ್ಷದಿಂದ ಹಾಗೆಯೇ. ಸಾವಕ್ಕ ಹೊಸ್ತಿಲಲ್ಲೇ ನಿಂತಳು.

"ಅತ್ತೀ, ತಪ್ಪ ತಿಳಕೋಬ್ಯಾಡ್ರಿ. ಇವತ್ತೊಂದಿನ ಹಿತ್ತಲದಾಗ ಇರ್ರಿ. ಛಲೋ ಕೆಲಸಕ್ಕ ಹೊಂಟೀವಿ. ಎದುರಿಗಿ ಬರೂದು ಬ್ಯಾಡ."

ಎಂಥ ಮಾತಿಗೂ ತಿರುಗಿ ಮಾತು ಇದ್ದ ಆ ಹೆಂಗಸು ಸೆರಗು ಹಣೆಯ ಮೇಲೆ ಎಳೆದುಕೊಂಡು ಹಿತ್ತಿಲಿಗೆ ಹೋದಳು. ಸಾವಕ್ಕನಿಗೆ ನಶ್ಯದ ಡಬ್ಬಿ ನೆನಪಾಯಿತು. ಆದರೂ ಬಾಗಿಲು ಮುಂದೆ ಎಳೆದುಕೊಂಡೇ ಹೊರಟಳು.

ಸಾವ್ಕಾರನ ಅಂಗಡಿ ಅವನ ಮನೆಯ ಮುಂದಿನ ಪಡಸಾಲೆಯಲ್ಲೇ. ಗಾದಿಯ ಮೇಲೆ ಕುಂಕುಮ ಹಚ್ಚಿದ ಹೊಸ ವಹಿ, ಊದಿನಕಡ್ಡಿ, ಚೆಂಡು ಹೂವಿನ ಸರ. ಗುಮಾಸ್ತ ಅಂದಪ್ಪ ಕಿವಿಗೆ ಲೇಖಣಿಕೆ ಸಿಕ್ಕಿಸಿ ಕೂತಿದ್ದ. ಗಂಡನ ಜೊತೆ ಹೆಂಡತಿಯನ್ನೂ ಕಂಡು ಸಾವ್ಕಾರ ಗಾದಿಯ ಮೇಲೆ ನೆಟ್ಟಗೆ ಕೂತ.

"ಬಾ ಮುದಿಯಪ್ಪ, ಬಾ ತಂಗಿ. ಭಾಳ ಸಂತೋಷ."

ಸಾವಕ್ಕ ಸೆರಗು ತಲೆ ಮೇಲೆ ಎಳೆದುಕೊಂಡು, ನೆಲ ನೋಡುತ್ತ, ವಾರದಿಂದ ಬಾಯಿಪಾಠ ಮಾಡಿದ್ದನ್ನು ಹೇಳಿದಳು. "ಸಾವ್ಕಾರ್ರ, ನಿಮ್ಮ ಋಣ ಭಾಳ ಐತ್ರಿ. ನೂರಾ ಇಪ್ಪತ್ತು ರೂಪಾಯಿ ತಂದೀವಿ. ಎಣಿಸಿಕೊಂಡು ಬಾಕಿ ಹೊಡದ ಹಾಕ್ರಿ. ಈ ವರ್ಷ ಸಂಘದ ನೂಲು ನೇಯೂಣು ಅಂತ ಮಾಡೀವ್ರಿ."

ಸಾವ್ಕಾರ ಸಿಟ್ಟಾಗಲಿಲ್ಲ. ಮುದಿಯಪ್ಪ ಗಂಟನ್ನು ಗಾದಿಯ ಮೇಲಿಟ್ಟು ಕೈ ಹಿಂದೆ ಕಟ್ಟಿಕೊಂಡ, ಅಂದಪ್ಪ ಎಣಿಸಿದ. ಹಳೆಯ ವಹಿ ತೆರೆದು ಮುದಿಯಪ್ಪನ ಅಪ್ಪನ ಹೆಸರಿನ ಪುಟಕ್ಕೆ ಅಡ್ಡಗೆರೆ ಎಳೆದ. ಅವನು ಲೇಖಣಿಕೆಯನ್ನು ಮಸಿಯಲ್ಲಿ ಅದ್ದಿ, ಗೆರೆ ಎಳೆದು, ಮರಳು ಉದುರಿಸುವವರೆಗೂ ಸಾವಕ್ಕ ಸೆರಗಿನ ಮರೆಯಿಂದ ನೋಡುತ್ತಲೇ ಇದ್ದಳು. ಅಪ್ಪನ ಕಾಲದ ಬಾಕಿ ಇಷ್ಟು ಸುಲಭಕ್ಕೆ ಹೋಗುತ್ತದೆಯೇ! ಅವಳಿಗೆ ನಗು ಬಂತು, ಅದನ್ನು ಸೆರಗಿನಲ್ಲಿ ಒತ್ತಿ ಹಿಡಿದಳು.

"ಆತಪಾ, ಮುಗೀತು" ಎಂದ ಸಾವ್ಕಾರ. ತಟ್ಟೆಯಿಂದ ವೀಳ್ಯ ಎತ್ತಿದ. "ಸಂಘದ್ದು ಆಮ್ಯಾಲೆ ನೋಡೂಣು. ಹಬ್ಬದ ದಿನ ಬರಿಗೈಲೇ ಹ್ಯಾಂಗ ಕಳಸ್ಲಿ? ತಗೋ."

ಮುದಿಯಪ್ಪನ ಕೈಗಳು ಹಿಂದೆಯೇ ಇದ್ದವು. ಕಾಲು ಒಂದು ಹೆಜ್ಜೆ ಮುಂದೆ ಬಂತು. ಆದರೆ ಕೈ ಬರಲಿಲ್ಲ. "ಬ್ಯಾಡ್ರಿ" ಎಂದ. ಆ ಮಾತು ಅವನ ಬಾಯಿಂದ ಹೊರಬಿದ್ದದ್ದು ಅದೇ ಮೊದಲಿರಬೇಕು. ಅವನೇ ಗಾಬರಿಯಾಗಿ ಹೆಂಡತಿಯ ಮುಖ ನೋಡಿದ.

ಸಾವ್ಕಾರ ವೀಳ್ಯವನ್ನು ತಟ್ಟೆಗೆ ಹಾಕಿ, ಒಳಗೆ ತಿರುಗಿ ದನಿ ಮಾಡಿದ. "ಏ, ಮುದಿಯಪ್ಪನ ಹೇಣ್ತಿ ಬಂದಾಳ ನೋಡು. ಹಬ್ಬದ ದಿನ ಮುತ್ತೈದಿ ಮನಿಗೆ ಬಂದಾಳ, ಹಂಗ ಕಳಸತೀಯೇನು?"

ಸಾವ್ಕಾರನ ಹೆಂಡತಿ ಸಿದ್ದಲಿಂಗವ್ವ ಹೊರಗೆ ಬಂದಳು. ತುಂಬು ಮೈಯ, ಮೆಲುಮಾತಿನ ಹೆಂಗಸು. ಸಾವಕ್ಕನ ಕೈಹಿಡಿದು ಒಳಗೆ ಕರೆದೊಯ್ದು ಮಣೆ ಹಾಕಿ ಕೂರಿಸಿದಳು. ಹಣೆಗೆ ಕುಂಕುಮ, ಕೆನ್ನೆಗೆ ಅರಿಶಿನ, ಮುಡಿಗೆ ಹೂವು. "ಉಡಿ ಹಿಡಿಯವಾ" ಎಂದಳು.

ಉಡಿ ತುಂಬುತ್ತೇನೆ ಎಂದರೆ ಯಾವ ಮುತ್ತೈದೆ ಒಲ್ಲೆ ಎಂದಾಳು? ಹಾಗನ್ನುವ ಬಾಯಿ ಆ ಸೀಮೆಯಲ್ಲಿ ಹುಟ್ಟಿಲ್ಲ. ಸಾವಕ್ಕ ಸೆರಗು ಹರಡಿ ಹಿಡಿದಳು. ಐದು ಬೊಗಸೆ ಅಕ್ಕಿ ಬಿತ್ತು. ಅರಿಶಿನದ ಕೊಂಬು, ಉತ್ತತ್ತಿ, ಎಲೆ ಅಡಿಕೆ ಬಿದ್ದವು. ಕಾಯಿ ಬಿತ್ತು. ಕೊನೆಗೆ ಮಡಿಸಿದ ಕೆಂಪು ಕುಪ್ಪಸದ ಖಣ. ಅವ್ವ ಸತ್ತ ಮೇಲೆ ಅವಳಿಗೆ ಇಷ್ಟು ಅಂತಃಕರಣದಿಂದ ಉಡಿ ತುಂಬಿದವರೇ ಇರಲಿಲ್ಲ. ಕಣ್ಣು ತುಂಬಿ ಬಂದು, ಬಗ್ಗಿ ಸಿದ್ದಲಿಂಗವ್ವನ ಕಾಲು ಮುಟ್ಟಿದಳು.

ಹೊರಗೆ ಪಡಸಾಲೆಯಿಂದ ಸಾವ್ಕಾರನ ದನಿ ಕೇಳಿಸಿತು. "ಅಂದಪ್ಪಾ, ಹೊಸ ವಹಿಯಾಗ ಬರಕೋ. ಮುದಿಯಪ್ಪನ ಖಾತೇಕ ಮುಂಗಡ ನೂರು ರೂಪಾಯಿ. ಮನಿ ಹೆಣ್ಣಮಗಳ ಉಡಿಯೊಳಗ ಮುಟ್ಟ್ಯಾವು."

ಸಾವಕ್ಕನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಬೆರಳು ತಾನಾಗಿ ಖಣದ ಮಡಿಕೆಯೊಳಗೆ ಹೋಯಿತು. ಅಲ್ಲಿ ಗರಿಗರಿ ನೋಟು ಸಿಕ್ಕವು.

"ಯವ್ವಾ, ಇದನ್ನ ತಗೊಂಡಬಿಡ್ರಿ. ಅಕ್ಕಿ ಕಾಯಿ ಒಯ್ತೀನಿ. ಇದೊಂದು ತಗೋರಿ, ನಿಮ್ಮ ಕಾಲು ಬೀಳತೀನಿ."

ಸಿದ್ದಲಿಂಗವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಉಡಿಯಾಗ ಬಿದ್ದದ್ದು ತಿರುಗಿ ತಗೋಬೇಕೇನ? ನಿನ್ನ ಗಂಡನ ಆಯುಷ್ಯ ಐತಿ ಅದರಾಗ, ನನ್ನ ಗಂಡಂದೂ ಐತಿ" ಎಂದಳು. ಆಮೇಲೆ ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಖಣದೊಳಗ ಇಟ್ಟು ತುಂಬು ಅಂದ್ರು. ನಾ ಏನ್ ಮಾಡ್ಲಿ ತಂಗಿ" ಎಂದಳು.

ಕೇಳುವವರು ಕೇಳಬಹುದು: ನೋಟು ನೆಲಕ್ಕೆ ಒಗೆದು ಬರಬಾರದಿತ್ತೇ? ಮರುದಿನ ಗಂಡನ ಕೈಯಲ್ಲಿ ತಿರುಗಿ ಕಳಿಸಬಾರದಿತ್ತೇ? ಕೇಳುವುದಕ್ಕೇನು ಖರ್ಚು! ಉಡಿ ಚೆಲ್ಲಿ ಬಂದವಳು ಎಂದು ಹೇಳಿಸಿಕೊಂಡು ಆ ಓಣಿಯಲ್ಲಿ ಬಾಳಬೇಕು. ನಾಳೆ ಗಂಡನಿಗೆ ನೆಗಡಿಯಾದರೂ ಓಣಿಯ ಕಣ್ಣೆಲ್ಲ ಅವಳ ಮೇಲೆ. ಅದಕ್ಕಿಂತ ಹೆಚ್ಚಾಗಿ ಅವಳ ಕಣ್ಣೇ ಅವಳ ಮೇಲೆ. ಸಾವಕ್ಕ ಉಡಿಯನ್ನು ಎರಡೂ ಕೈ ಸೇರಿಸಿ ಅವುಚಿಕೊಂಡು ಹೊರಗೆ ಬಂದಳು. ಅಂದಪ್ಪನ ಲೇಖಣಿಕೆ ಹೊಸ ವಹಿಯ ಮೇಲೆ ಕಿರ್ ಕಿರ್ ಎನ್ನುತ್ತಿತ್ತು. ಮುದಿಯಪ್ಪ ಇನ್ನೂ ಕೈ ಹಿಂದೆ ಕಟ್ಟಿಕೊಂಡೇ ನಿಂತಿದ್ದ.

ಓಣಿಯ ಬಾಯಿಗೆ ಬಂದಾಗ ಮುದಿಯಪ್ಪ, "ನಾ ಕೈ ಚಾಚಲಿಲ್ಲ ನೋಡು" ಎಂದ. ಚುಚ್ಚಬೇಕೆಂದು ಅಂದದ್ದಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಒಂದು ಕೆಲಸವನ್ನು ಯಾರಾದರೂ ಕಂಡಿರಲಿ ಎಂದು ಅಂದದ್ದು. ಸಾವಕ್ಕ ಉಡಿ ಅವುಚಿಕೊಂಡು ಹೆಜ್ಜೆ ಚುರುಕು ಮಾಡಿದಳು.

ಮನೆಯಲ್ಲಿ ದೇವರ ಮುಂದೆ ಉಡಿ ಬಿಚ್ಚಿದಳು. ಅಕ್ಕಿ, ಕಾಯಿ, ಖಣ, ಹತ್ತು ರೂಪಾಯಿಯ ಹತ್ತು ನೋಟು. ಗೂಡಿನಲ್ಲಿ ಏಳನೆಯ ಕುಡಿಕೆ ಬಾಯಿ ತೆರೆದು ಕೂತಿತ್ತು. ಅದನ್ನು ತೆಗೆದು ಗೋಡೆಗೆ ಅಪ್ಪಳಿಸಬೇಕು ಅನ್ನಿಸಿತು. ಇನ್ನೊಂದು ವರ್ಷ ಆ ನೂಲು, ಆ ಕುಣಿ. ಹೋಗಲಿ, ಒಂದು ವರ್ಷ ಎಂದು ಹಲ್ಲು ಕಚ್ಚಬಹುದು. ಆದರೆ ಬರುವ ಪಾಡ್ಯಕ್ಕೆ ಏನು ಮಾಡುವುದು? ಗಂಡನೊಬ್ಬನನ್ನು ಕಳಿಸಿದರೆ ಇವತ್ತು ಹಿಂದೆ ಉಳಿದ ಕೈ ಅವತ್ತು ಉಳಿಯುತ್ತದೆಂದು ಯಾರು ಹೇಳಬೇಕು? ತಾನು ಹೋದರೆ ಮತ್ತೆ ಮಣೆ, ಮತ್ತೆ ಕುಂಕುಮ, ಮತ್ತೆ ಉಡಿ. ಮುತ್ತೈದೆಯಾಗಿ ಇರುವವರೆಗೂ ಇದರಿಂದ ಬಿಡುಗಡೆಯಿಲ್ಲ. ಹಾಗೆಂದುಕೊಂಡ ಕೂಡಲೇ ಆ ಮಾತಿನ ಇನ್ನೊಂದು ಮಗ್ಗುಲು ಅವಳಿಗೆ ಹೊಳೆಯಿತು. ನಾಲಿಗೆ ಕಚ್ಚಿಕೊಂಡು, ಗಲ್ಲ ಬಡಿದುಕೊಂಡು, ತಾಳಿಯನ್ನು ಕಣ್ಣಿಗೆ ಒತ್ತಿಕೊಂಡಳು.

ಹಿತ್ತಲ ಬಾಗಿಲಲ್ಲಿ ಗಾಳೆವ್ವ ನಿಂತಿದ್ದಳು. ಒಳಗೆ ಬರಬಹುದೋ ಬಾರದೋ ಎಂದು ಹೊಸ್ತಿಲ ಆಚೆಯೇ ಇದ್ದಳು. ನೋಟುಗಳನ್ನು ನೋಡಿದಳು, ಖಣ ನೋಡಿದಳು, ಸೊಸೆಯ ಹಣೆಯ ಮೇಲಿನ ದೊಡ್ಡ ಕುಂಕುಮ ನೋಡಿದಳು. ಅವಳಿಗೆ ಎಲ್ಲ ತಿಳಿಯಿತು.

"ಆ ನೂರು ರೂಪಾಯಿ ಮುಟ್ಟಬ್ಯಾಡ. ಹಂಗs ಏಳನೇ ಕುಡಿಕ್ಯಾಗ ಹಾಕಿಡು" ಎಂದಳು.

"ಇಟ್ಟು ಏನ್ ಮಾಡೂದ್ರಿ ಅತ್ತೀ? ಬರೂ ಪಾಡ್ಯಕ್ಕೂ ಹಿಂಗs."

"ಬರೂ ಪಾಡ್ಯಕ್ಕ ನೀವು ಯಾರೂ ಹೋಗಬ್ಯಾಡ್ರಿ. ರೊಕ್ಕ ತಗೊಂಡು ನಾ ಹೊಕ್ಕೀನಿ" ಎಂದಳು ಗಾಳೆವ್ವ. "ನನ್ನ ಕೈಗೆ ಅಂವ ವೀಳ್ಯ ಕೊಡಂಗಿಲ್ಲ. ನನ್ನ ಉಡಿ ತುಂಬಾಕ ಆ ಮನ್ಯಾಗ ಯಾರೂ ಬರಂಗಿಲ್ಲ. ಹಬ್ಬದ ದಿನ ಇಕಿ ಯಾಕ ಎದುರಿಗಿ ಬಂದ್ಲು, ಲಗೂ ಹೋಗ್ಲಿ ಅಂತಾರ. ಲಗೂ ಗೆರಿ ಹೊಡದು ಕಳಸ್ತಾರ."

ಸಾವಕ್ಕ ತಲೆಯೆತ್ತಿ ಅತ್ತೆಯ ಬೋಳು ಹಣೆಯನ್ನು ನೋಡಿದಳು. ಬೆಳಿಗ್ಗೆ ಎದುರಿಗೆ ಬರಬೇಡಿ ಎಂದು ಹಿತ್ತಿಲಿಗೆ ಅಟ್ಟಿದ ಹಣೆ ಅದು. ಎದ್ದು ಹೋಗಿ, ಹೊಸ್ತಿಲ ಆಚೆ ನಿಂತಿದ್ದ ಮುದುಕಿಯ ಕೈ ಹಿಡಿದು ಒಳಗೆ ಕರೆತಂದು, ಗೂಡಿನ ಮುಂದೆ ಕೂರಿಸಿದಳು. ನೋಟು ಅವಳ ಕೈಯಲ್ಲೇ ಇಟ್ಟಳು.

"ನೀವs ಹಾಕ್ರಿ ಅತ್ತೀ" ಎಂದಳು.